ಹೆಡ್‌ಮಾಸ್ತರರ ಮಣ್ಣಿನ ತಲೆ

ನಾನು ಕಲಿತದ್ದು ಮರಾಠಿ ಮೂರನೆಯ ಇಯತ್ತೆಯವರೆಗೆ. ಕನ್ನಡ ಅಕ್ಷರಗಳನ್ನು ಅವ್ವ ರೊಟ್ಟಿ ನಾದುವ ಪರಾತದ ಜೋಳದ ಹಿಟ್ಟಿನಲ್ಲಿ ಬೆರಳಾಡಿಸಿ ಕಲಿಸಿದಳು. ತಮ್ಮನಿಗೆ ನಾನು ಮಾಡಿದ್ದನ್ನು ಬರೆಯಲು ಇಷ್ಟು ಸಾಕು.

ತಮ್ಮ ಮಿರಜಿನ ಹಳೆಯ ಹೈಸ್ಕೂಲಿಗೆ ಹೋಗುತ್ತಿದ್ದ. ಅಲ್ಲಿಯ ಸಭಾಗೃಹದ ವರ್ಣನೆಯನ್ನು ನಮಗೆ ದಿನಾ ಊಟದ ಜೊತೆ ಬಡಿಸುತ್ತಿದ್ದ. ಗೋಡೆಯ ಮೇಲೆ ಪಗಡಿಯ ರಾಜರು, ಮೀಸೆಯ ದಿವಾನರು, ಕೆಂಪು ಮೂಗಿನ ಒಬ್ಬ ಸಾಹೇಬ. ಪಟಗಳ ಕೆಳಗೆ ಪೀಠದ ಮೇಲೆ ಎದೆಯವರೆಗಿನ ಬಿಳಿ ಮೂರ್ತಿಗಳು.

"ಕಾಲ ಯಾಕ ಇಲ್ಲೋ ಅವಕ್ಕ?" ಎಂದು ನಮ್ಮ ಅಜ್ಜಿ ಕೇಳಿದರೆ, "ಸಾಲಿ ಬಿಟ್ಟ ಓಡಿ ಹೋಗಬಾರದಂತ" ಎನ್ನುತ್ತಿದ್ದ.

ಆ ವರ್ಷ ಹೆಡ್‌ಮಾಸ್ತರರು ನಿವೃತ್ತರಾಗುವವರಿದ್ದರು. ಚಿತ್ರಕಲೆಯ ಮಾಸ್ತರರು ತಮ್ಮನಿಗೂ ಇನ್ನೊಬ್ಬ ಹುಡುಗನಿಗೂ ಅವರ ತಲೆಯನ್ನು ಮಣ್ಣಿನಲ್ಲಿ ಮಾಡಲು ಹೇಳಿದರು. ಒಳ್ಳೆಯದನ್ನು ಪ್ಲಾಸ್ಟರಿನಲ್ಲಿ ಎರಕ ಹೊಯ್ದು ಸಭಾಗೃಹದಲ್ಲಿ ಇಡುವುದು, ಮಾಡಿದವನನ್ನು ಸಂಸ್ಥಾನ ತನ್ನ ಖರ್ಚಿನಲ್ಲಿ ಮುಂಬಯಿಗೆ ಕಲಿಯಲು ಕಳಿಸುವುದು ಎಂದು ಮಾತಾಯಿತು.

ತಮ್ಮ ಕೃಷ್ಣೆಯ ದಂಡೆಯಿಂದ ಮಣ್ಣು ಹೊತ್ತು ತಂದು, ಸೋಸಿ, ತುಳಿದು, ನಮ್ಮ ಪಡಸಾಲೆಯಲ್ಲೇ ಕೂತು ತಲೆ ಮಾಡಿದ. ಅದು ಎಷ್ಟು ಹೋಲುತ್ತಿತ್ತೆಂದರೆ, ಹಿಟ್ಟು ಕಡ ಕೇಳಲು ಬಂದ ನೆರೆಮನೆಯ ಕಾಕು ಅದನ್ನು ಕಂಡವಳೇ ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಲ್ಲೇ ನಿಂತಳು.

ತಲೆ ಮುಗಿಯುವ ಹೊತ್ತಿಗೆ ಸಲಗರೆಯಲ್ಲಿ ಒಂದು ಮದುವೆ ಬಂತು. ಅಪ್ಪನೊಡನೆ ತಮ್ಮನೂ ಮೂರು ದಿನ ಹೋಗಬೇಕಾಯಿತು. ಮೂರ್ತಿಯ ಮೇಲೆ ಒದ್ದೆ ಅರಿವೆ ಹೊದಿಸಿ ನನಗೆ ಹೇಳಿದ: "ಅಕ್ಕಾ, ಇದನ್ನ ತಗೀಬ್ಯಾಡ. ದಿನಾ ಮೂರ ಸಲ ನೀರ ಹೊಡಿ. ಗಡಬಡಿಸಿ ಒಣಗಿದರ ಬಿರೀತದ."

"ನಾನೇನ ಸಣ್ಣಾಕಿ ಏನೋ? ಹೋಗ ನೀ."

ಅವರ ಬಂಡಿ ಓಣಿ ದಾಟಿತ್ತೋ ಇಲ್ಲವೋ, ಅಜ್ಜಿ ಶುರು ಮಾಡಿದಳು: "ಬದುಕಿದ ಮನಶ್ಯಾನ ಮಾರಿಮ್ಯಾಲೆ ಒದ್ದಿ ಅರಿವಿ ಹೊಚ್ಚತಾರೇನ? ಅದು ಹೆಣಕ್ಕ! ತಗಿ ಮೊದಲ!"

ಹೆಡ್‌ಮಾಸ್ತರರು ದಿನಾ ಬೆಳಿಗ್ಗೆ ಕೋಲೂರುತ್ತಾ ನಮ್ಮ ಬಾಗಿಲ ಮುಂದೆಯೇ ಹೋಗುತ್ತಿದ್ದರು. ಅಂದು ಸರಿಯಾಗಿ ನಮ್ಮ ಕಟ್ಟೆಯ ಹತ್ತಿರ ಕೆಮ್ಮಿದರು. "ಕೇಳಿದ್ಯಾ?" ಎಂದಳು ಅಜ್ಜಿ. ನಾನು ಅರಿವೆ ತೆಗೆದೆ.

ಎಲ್ಲವನ್ನೂ ಅಜ್ಜಿಯ ಮೇಲೆ ಹಾಕಬಹುದು. ಆದರೆ ಅರಿವೆ ತೆಗೆದ ಮೇಲೆ ನೀರನ್ನಾದರೂ ಹೊಡೆಯಬಹುದಿತ್ತು. ನಾನು ಮಾಡಿದ್ದೇ ಬೇರೆ. ಓಣಿಯವರನ್ನೆಲ್ಲ ಕರೆದು ತೋರಿಸಿದೆ. ಬೆಳಕು ಚೆನ್ನಾಗಿ ಬೀಳಲೆಂದು ಹಲಗೆಸಮೇತ ಬಿಸಿಲಿಗೆ ಎಳೆದೆ. "ನನ್ನ ತಮ್ಮ ಮಾಡ್ಯಾನ" ಎಂದು ಹೇಳಿ ಹೇಳಿ ಗಂಟಲು ಒಣಗಿತು, ಮಣ್ಣೂ ಒಣಗಿತು. ಮೂರನೆಯ ದಿನ ಕಿವಿಯಿಂದ ಗದ್ದದವರೆಗೆ ಬಿರುಕು. ಓಣಿಯ ತುದಿಯಲ್ಲಿ ಎತ್ತಿನ ಗಂಟೆ ಕೇಳಿದೊಡನೆ ಹಲಗೆಯನ್ನು ಮತ್ತೆ ಒಳಗೆ ಎಳೆದು, ಅರಿವೆಯನ್ನು ಕೊಡದಲ್ಲಿ ಅದ್ದಿ ಮತ್ತೆ ಹೊದಿಸಿಬಿಟ್ಟೆ.

ತಮ್ಮ ಅರಿವೆ ಎತ್ತಿ ಬಹಳ ಹೊತ್ತು ನೋಡಿದ.

"ನೀರ ಹೊಡದಿ ಇಲ್ಲೋ ಅಕ್ಕಾ?"

"ದಿನಾ ಮೂರ ಸಲ."

ಅರಿವೆ ಮುಟ್ಟಿ ನೋಡಿದ. ಒದ್ದೆಯಿತ್ತು. "ಹಂಗಾರ ಮಣ್ಣ ಕೆಟ್ಟದ್ದು. ನಂದ ತಪ್ಪು, ಕೃಷ್ಣೀ ಮಣ್ಣ ತರಬಾರದಿತ್ತು" ಎಂದ. ಅಜ್ಜಿ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಅವನು ಹಾಕಿದ ತೇಪೆ ಮಾಸ್ತರರ ಎದುರಿಗೇ ಕಳಚಿ ಬಿತ್ತು.

ಇನ್ನೊಬ್ಬ ಹುಡುಗನ ಮೂರ್ತಿ ಸಭಾಗೃಹ ಸೇರಿತು. ಆ ಸಮಾರಂಭಕ್ಕೆ ನಾನೂ ಹೋಗಿ ಹೆಂಗಸರ ಪರದೆಯ ಹಿಂದೆ ಕೂತಿದ್ದೆ. ಆ ಮೂರ್ತಿಯಲ್ಲಿ ಹೆಡ್‌ಮಾಸ್ತರರು ಉಬ್ಬಿದ ಪೂರಿಯ ಹಾಗಿದ್ದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನನ್ನ ತಮ್ಮ. ಆ ಹುಡುಗ ಮುಂಬಯಿಗೆ ಹೋದ. ತಮ್ಮ ಅಪ್ಪನ ಬೆಲ್ಲದ ಅಂಗಡಿಯಲ್ಲಿ ಕೂತ.

ಆಮೇಲೆ ಅವನಿಗೊಂದು ಚಾಳಿ ಹತ್ತಿತು. ಕವಲಾಪುರದಿಂದ ಬೆಲ್ಲಕ್ಕೆ ಬಂದವರಿಗೂ, "ಏನರ ಮಾಡ್ರಿ, ಕೃಷ್ಣೀ ಮಣ್ಣ ಮಾತ್ರ ನಂಬಬ್ಯಾಡ್ರಿ" ಎನ್ನುವನು. ಅವರು ನಗುವರು. ನಾನು ತವರಿಗೆ ಬಂದಾಗ ಈ ಮಾತು ಎದ್ದರೆ, ಚೆನ್ನಾಗಿ ಉರಿಯುತ್ತಿದ್ದ ಒಲೆಯನ್ನು ಊದಲು ಒಳಗೆ ಹೋಗುತ್ತಿದ್ದೆ.

ಹೀಗೆ ವರ್ಷಗಳು ಕಳೆದವು. ಒಂದು ಮಣ್ಣೆತ್ತಿನ ಅಮಾವಾಸ್ಯೆಗೆ ಬುಧಗಾಂವದ ಗಂಡನ ಮನೆಯಿಂದ ಬಂದಿದ್ದೆ. ತಮ್ಮನ ಮಗಳು ಪಡಸಾಲೆಯಲ್ಲಿ ಹೊಳೆಯ ಮಣ್ಣಿನಿಂದ ಎತ್ತು ಮಾಡುತ್ತಿದ್ದಳು. ಕೊರಳಡಿಯ ಗಂಗೆದೊಗಲು ಸಹ ನಿಜದ ಎತ್ತಿನದರ ಹಾಗೆ ಜೋತುಬಿದ್ದಿತ್ತು. ಅಂಗಡಿಗೆ ಹೊರಟ ತಮ್ಮ ನಿಂತು ನೋಡಿದ.

"ಎಸಿ ಅದನ್ನ. ಆ ಮಣ್ಣ ಬಿರೀತದ. ನನ್ನ ಗತೀನ ಆಗತದ ನಿಂದೂ."

ಹುಡುಗಿ ಮುಖ ಸಣ್ಣದು ಮಾಡಿಕೊಂಡು ಎತ್ತನ್ನು ಹಿಚುಕಲು ಕೈ ಹಾಕಿದಳು.

"ತಡಿಯವ್ವ" ಎಂದೆ. ತಮ್ಮನ ಕಡೆ ತಿರುಗಿ, "ಮಣ್ಣ ಛಲೋ ಇತ್ತೋ. ನಾ ನೀರ ಹೊಡೀಲಿಲ್ಲ" ಎಂದೆ.

"ಒಂದಿನ ಮರತಿದ್ದ್ಯಾ?"

"ಮೂರೂ ದಿನಾ. ಅರಿವೀನೂ ತಗದಿದ್ದೆ. ಬಿಸಲಾಗ ಇಟ್ಟಿದ್ದೆ."

ಅವನು ಎತ್ತನ್ನು ಅಂಗೈ ಮೇಲೆ ತೆಗೆದುಕೊಂಡು ತಿರುಗಿಸಿ ನೋಡಿದ. ಮತ್ತೆ ಮಗಳ ಮುಂದೆ ಇಟ್ಟ.

"ಕೋಡ ಇನ್ನ ಸ್ವಲ್ಪ ಬಾಗಸು. ಒದ್ದಿ ಅರಿವಿ ನಿಮ್ಮವ್ವನ ಕಡಿಂದ ಇಸಕೋ. ಅತ್ಯಾನ ಕೈಯಾಗ ಮಾತ್ರ ಕೊಡಬ್ಯಾಡ."

ನನ್ನ ಕಡೆ ನೋಡದೆ ಅಂಗಡಿಗೆ ಹೋದ. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಎರಡು ದಿನ ಇರಲೆಂದು ಬಂದವಳು ಅಂದೇ ಗಂಟು ಕಟ್ಟಿದೆ. ಹುಡುಗಿ ಬಾಗಿಲವರೆಗೆ ಬಂದು, ಹಸಿ ಎತ್ತನ್ನು ಎರಡೂ ಕೈಯಲ್ಲಿ ನನ್ನಿಂದ ದೂರ ಹಿಡಿದುಕೊಂಡೇ, "ಹೋಗಿ ಬರ್ರಿ ಅತ್ಯಾ" ಎಂದಳು.