ಅಕ್ಕ ತರಿಸದ ಪೆಟ್ಟಿಗೆ

ನನ್ನ ಹೆಂಡತಿಗೆ ಊರಿನ ಮಕ್ಕಳೆಲ್ಲ ‘ಪೆಟ್ಟಿಗೆ ಮೇಡಂ’ ಅಂತಾರೆ. ಗ್ರಂಥಾಲಯದ ಹಿಂದಿನ ಕೋಣೆ ಅವಳ ಸಾಮ್ರಾಜ್ಯ. ಹಕ್ಕಿಗೂಡು, ಗರಿ, ಹಾವಿನ ಪೊರೆ, ಬೀಜ, ಭೂತಗನ್ನಡಿ ಎಲ್ಲವನ್ನೂ ಮರದ ಪೆಟ್ಟಿಗೆಗಳಲ್ಲಿ ಜೋಡಿಸಿ ಶಾಲೆಗಳಿಗೆ ಪುಕ್ಕಟೆ ಎರವಲು ಕೊಡ್ತಾಳೆ. ಸ್ಕೂಟರ್ ಮೇಲೆ ಹೊತ್ತು ತಿರುಗೋ ಕತ್ತೆ ನಾನು. ನಮ್ಮನೆ ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಏನಿರುತ್ತೆ ಅಂತ ಮಾತ್ರ ಕೇಳಬೇಡಿ, ಊಟ ಸೇರಲ್ಲ.

ಅವಳದೊಂದು ಕಟ್ಟಪ್ಪಣೆ ಇದೆ. ಪೆಟ್ಟಿಗೆ ವಾಪಸ್ ಬರುವಾಗ ಒಳಗೊಂದು ಹೊಸ ವಸ್ತು ಸೇರಿರಬೇಕು, ಅದು ಎಲ್ಲಿ ಸಿಕ್ತು ಅಂತ ತಂದವರೇ ಬಾಯಿಬಿಟ್ಟು ಹೇಳಬೇಕು.

ಊರಿನ ಶಾಲೆಗಳೆಲ್ಲ ಪೆಟ್ಟಿಗೆ ಒಯ್ದವು, ಒಂದನ್ನು ಬಿಟ್ಟು. ಅಲ್ಲಿಯ ಹೆಡ್‌ಮಿಸ್ ಯಾರು ಗೊತ್ತಾ? ನನ್ನ ಅತ್ತಿಗೆ, ಇವಳ ಸ್ವಂತ ಅಕ್ಕ! ಚಿಕ್ಕವಳಿದ್ದಾಗ ಇವಳು ಸತ್ತು ಬಿದ್ದಿದ್ದ ಹಸಿರು ಜೀರುಂಡೆಯೊಂದನ್ನು ತಂದು, ಜೋಪಾನವಾಗಿರಲಿ ಅಂತ ಅಕ್ಕನ ಜಾಮಿಟ್ರಿ ಪೆಟ್ಟಿಗೆಯಲ್ಲಿಟ್ಟಿದ್ದಳಂತೆ. ಅತ್ತಿಗೆ ಪರೀಕ್ಷೆ ಕೋಣೆಯಲ್ಲಿ ಮುಚ್ಚಳ ತೆಗೆದು ಕಿಟಾರನೆ ಕಿರುಚಿ, ಎಲ್ಲರೆದುರು ಬೈಸಿಕೊಂಡು ಬಂದು, “ಚರಂಡಿಗೆ ಎಸೆದೆ ನಿನ್ನ ಹುಳಾನ” ಅಂದರಂತೆ. ಇವಳು ಅತ್ತಿದ್ದೇ ಅತ್ತಿದ್ದು. ಆಗಿನಿಂದ ಇವಳು ಹೆಕ್ಕಿ ತಂದದ್ದಕ್ಕೆಲ್ಲ ಅತ್ತಿಗೆ ಇಟ್ಟ ಹೆಸರು ಕಸ. ಅಕ್ಕ ಒಂದೇ ಒಂದು ಸಲ ಪೆಟ್ಟಿಗೆ ತರಿಸಿಕೊಳ್ಳಲಿ ಅಂತ ಇವಳ ಜೀವ ತುಡೀತಿತ್ತು. ಬಾಯಿಬಿಟ್ಟು ಕೇಳೋಕೆ ಮಾತ್ರ ಬಿಗುಮಾನ!

ಈ ವರ್ಷ ಅತ್ತಿಗೆಯ ಶಾಲೆಯ ವಿಜ್ಞಾನದ ಮೇಷ್ಟ್ರು ರಜೆ ಹಾಕಿದರು. ಪಾಠಕ್ಕೆ ತಾವೇ ನಿಂತ ಅತ್ತಿಗೆ, ಮಕ್ಕಳ ಆಕಳಿಕೆ ನೋಡಿ ಸಾಕಾಗಿ ಫೋನ್ ಮಾಡಿದರು. “ಕಳಿಸೇ ಆ ನಿನ್ನ ಕಸಾನ.”

ಇವಳು ಜೋಡಿಸಿದ್ದನ್ನೇ ಮತ್ತೆ ಮತ್ತೆ ಜೋಡಿಸಿದಳು. ಹಾವಿನ ಪೊರೆ ತೆಗೆದಿಟ್ಟು, “ಅಕ್ಕ ಹೆದರ್ತಾಳೆ ರೀ” ಅಂದಳು. ನಾನು ಕೊಟ್ಟು ಬಂದೆ. ವಾಪಸ್ ಬರೋ ದಿನ ದಾಟಿತು, ಪೆಟ್ಟಿಗೆಯ ಸುಳಿವಿಲ್ಲ. “ಮೂಲೆಗೆ ಹಾಕಿರ್ತಾಳೆ ಬಿಡಿ” ಅಂತ ಇವಳು ಮೋರೆ ಸಪ್ಪೆ ಮಾಡಿಕೊಂಡು ಕೂತಳು.

ನಿನ್ನೆ ಅತ್ತಿಗೆ ತಾವೇ ಪೆಟ್ಟಿಗೆ ಹೊತ್ತು ಮನೆಗೆ ಬಂದರು.

“ಮಕ್ಕಳು ಬಿಟ್ಟರೆ ತಾನೇ! ಪಕ್ಕದ ಕ್ಲಾಸಿನವರೂ ನಮಗೂ ಬೇಕು ಅಂತ ಹಟ ಹಿಡಿದರು.”

ಇವಳು ಮುಚ್ಚಳ ತೆಗೆದಳು. ಮಕ್ಕಳು ಶಾಲೆ ಅಂಗಳದಲ್ಲಿ ಹೆಕ್ಕಿದ ಒಣ ಕಾಯಿಯ ಪಕ್ಕ ಒಂದು ಹಳೇ ಔಷಧಿ ಸೀಸೆ, ಒಳಗೆ ಹತ್ತಿಯ ಮೇಲೆ ಕಾಲು ಮುರಿದ ಹಸಿರು ಜೀರುಂಡೆ.

“ಇದು... ಎಲ್ಲಿ ಸಿಕ್ತು?” ಇವಳು ಸೀಸೆ ಕೈಗೆತ್ತಿಕೊಂಡು ಕೇಳಿದಳು.

“ನನ್ನ ಜಾಮಿಟ್ರಿ ಪೆಟ್ಟಿಗೇಲಿ,” ಅಂದರು ಅತ್ತಿಗೆ, ಗೋಡೆ ನೋಡ್ತಾ. “ಎಸೆಯೋಕೆ ಮನಸ್ಸು ಬರಲಿಲ್ಲ ಕಣೇ. ಎಸೆದೆ ಅಂತ ಹೇಳಿಬಿಟ್ಟಿದ್ದೆ, ಆಮೇಲೆ ಕೊಡೋದು ಹೇಗೆ?”

ಅಕ್ಕ ತಂಗಿ ಇಬ್ಬರೂ ಅಳೋಕೆ ಶುರುಮಾಡಿದರು. ನಾನು ಚಹಾ ಇಡೋಣ ಅಂತ ಎದ್ದು ಹೋದೆ. ಹಾಲು ತೆಗೆಯುವಾಗ, ಅತ್ತಿಗೆಗೆ ಫ್ರಿಜ್ಜಿನ ಒಳಗೆ ಕಾಣದ ಹಾಗೆ ಅಡ್ಡ ನಿಂತುಕೊಂಡೆ.