ಹಲಗೆಯಕ್ಕ ದಡ ಬಿಟ್ಟ ದಿನ

ಆ ದಡಕ್ಕೆ ದೋಣಿಯಲ್ಲಿ ಬಂದವರು ಮೊದಲು ನೋಡುತ್ತಿದ್ದದ್ದು ಊರನ್ನಲ್ಲ, ಎರಡು ಪಾದಗಳನ್ನು. ದೋಣಿಯ ಮೂತಿಯಿಂದ ಕೆಸರಿನ ಅಂಚಿನವರೆಗೆ ಹದಿನಾರು ಅಡಿಯ ಒಂದು ಹಲಗೆ. ಅದರ ಮೇಲೆ ನಡೆಯುವವರು ತಲೆ ಎತ್ತುವ ಹಾಗಿರಲಿಲ್ಲ; ಹಲಗೆಯ ಕೊನೆಗೆ ಕಣ್ಣು ನೆಟ್ಟುಕೊಂಡೇ ಬರಬೇಕಿತ್ತು. ಆ ಕೊನೆಯಲ್ಲಿ, ಬೆರಳುಗಳು ಒಂದರೊಡನೊಂದು ಮುನಿಸಿಕೊಂಡು ದೂರದೂರ ನಿಂತಂತಿದ್ದ ಎರಡು ಅಗಲವಾದ ಪಾದಗಳು ಮರವನ್ನು ಅದುಮಿ ಹಿಡಿದಿರುತ್ತಿದ್ದವು. ‘ಬನ್ನಿ, ನಾನಿದ್ದೀನಿ’ ಎಂಬ ಮಾತು ಮೇಲೆಲ್ಲಿಂದಲೋ ಕೇಳಿಸುತ್ತಿತ್ತು. ದಡ ಮುಟ್ಟಿ, ಉಸಿರು ಬಿಟ್ಟು, ತಲೆ ಎತ್ತುವಷ್ಟರಲ್ಲಿ ಆ ಪಾದಗಳ ಒಡತಿ ಹಿಂದೆ ಬರುತ್ತಿದ್ದವರ ಕಡೆಗೆ ತಿರುಗಿಯಾಗಿರುತ್ತಿತ್ತು.

ಹೀಗಾಗಿ ಊರಿಗೆಲ್ಲ ಹಲಗೆಯಕ್ಕನ ಕಾಲಿನ ಪರಿಚಯವಿತ್ತು, ಮುಖದ ಪರಿಚಯ ಅಷ್ಟಾಗಿ ಇರಲಿಲ್ಲ. ರಾತ್ರಿ ದೋಣಿ ನಿಂತ ಮೇಲೆ ಪೇಟೆಗೆ ಚಪ್ಪಲಿ ಮೆಟ್ಟಿ ಹೋದರೆ ಅವಳು ಯಾರೋ ಒಬ್ಬಳು. ಒಮ್ಮೆ ಬಟ್ಟೆಯಂಗಡಿಯವನು ಅವಳನ್ನು ಅರ್ಧ ಗಂಟೆ ಕಾಯಿಸಿದಾಗ ಅವಳು ಮಾತಿಲ್ಲದೆ ಚಪ್ಪಲಿ ಕಳಚಿ ಬಲಗಾಲನ್ನು ಮುಂದಿಟ್ಟಳು. ‘ಅಯ್ಯೋ, ನೀವಾ! ಮೊದಲೇ ಹೇಳ್ಬಾರ್ದಾ’ ಎಂದು ಅವನು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದುಬಂದಿದ್ದ.

ನದಿ ಕಡಲನ್ನು ಸೇರುವ ಆ ಅಳಿವೆಯ ನೀರು ದಿನಕ್ಕೆರಡು ಸಲ ಏರಿ ಎರಡು ಸಲ ಇಳಿಯುತ್ತಿತ್ತು. ಇಳಿದಾಗ ದಡದ ಕೆಸರು ಮೈಚಾಚಿ ಮಲಗುತ್ತಿತ್ತು. ದೋಣಿ ದೂರದಲ್ಲೇ ನಿಲ್ಲಬೇಕಾಗುತ್ತಿತ್ತು. ಹಲಗೆಯಕ್ಕ ಹೆಬ್ಬೆರಳನ್ನು ನೀರಿಗೆ ಅದ್ದಿ ನೋಡಿ, ಇನ್ನೊಂದು ಗಳಿಗೆಗೆ ನೀರು ಎಲ್ಲಿರುತ್ತದೆಂದು ತಿಳಿದು, ಹಲಗೆಯನ್ನು ಹೆಗಲಿಗೇರಿಸಿ ಕೆಳಗಿನ ಕಲ್ಲಿಗೋ ಮೇಲಿನ ಕಲ್ಲಿಗೋ ಸರಿಸುತ್ತಿದ್ದಳು. ದೋಣಿ ಅಲೆಗೆ ಎದ್ದುಬಿದ್ದಾಗ ಹಲಗೆಯೂ ಎದ್ದುಬೀಳುತ್ತದೆ. ದಡದ ತುದಿಯಲ್ಲಿ ಒಬ್ಬರು ನಿಂತು ಒತ್ತಿಹಿಡಿಯದಿದ್ದರೆ ಅದು ಜಾರಿ, ಮೇಲಿದ್ದವರನ್ನು ಕೆಸರಿಗೆ ಒಪ್ಪಿಸಿಬಿಡುತ್ತದೆ. ಆ ಕೆಲಸವನ್ನು ಅವಳ ಅಪ್ಪ ಮಾಡುತ್ತಿದ್ದ. ಅವಳ ಇಪ್ಪತ್ತನೆಯ ವಯಸ್ಸಿನಲ್ಲಿ ಅವನು ಹಲಗೆಯನ್ನೂ ಒಂದು ತಗಡಿನ ಪೆಟ್ಟಿಗೆಯನ್ನೂ ಮಗಳಿಗೆ ಬಿಟ್ಟುಹೋದ. ಪೆಟ್ಟಿಗೆಯಲ್ಲಿದ್ದದ್ದು ಆ ದಡದಲ್ಲಿ ಜನರನ್ನು ಹತ್ತಿಸಿ ಇಳಿಸಲು ಹಳೆಯ ಪುರಸಭೆಯವರು ಬರೆದುಕೊಟ್ಟ ಹಕ್ಕಿನ ಕಾಗದ. ಅದರಲ್ಲಿ ನಾಲ್ಕು ಷರತ್ತುಗಳು. ಅಪ್ಪ ಅವನ್ನು ಜೋಗುಳದಂತೆ ರಾಗವಾಗಿ ಹೇಳುತ್ತಿದ್ದ, ಅವಳಿಗೆ ಬಾಯಿಪಾಠವಾಗಿದ್ದವು. ನಾಲ್ಕನೆಯದು ಹೀಗಿತ್ತು: ‘ದೋಣಿ ಓಡಾಡುವ ಹೊತ್ತಿನಲ್ಲಿ ಹಲಗೆಯವರು ಹಲಗೆಯನ್ನು ಪರರ ಕಾಲಿಗೊಪ್ಪಿಸಿ ಈ ದಡ ಬಿಟ್ಟು ಹೋದಲ್ಲಿ, ಸದರಿ ಹಕ್ಕು ಆ ಕ್ಷಣಕ್ಕೇ ತೀರಿತು.’

ದೋಣಿ ಬೆಳಗಿನಿಂದ ಕತ್ತಲಾಗುವವರೆಗೆ, ವರ್ಷದ ಎಲ್ಲ ದಿನ ಓಡಾಡುತ್ತಿತ್ತು. ಕತ್ತಲಾದ ಮೇಲೆ ಅಳಿವೆ ದಾಟುವವರಿರಲಿಲ್ಲ. ಆದ್ದರಿಂದ ಮೂವತ್ತೊಂದು ವರ್ಷ ಊರನ್ನೆಲ್ಲ ದಾಟಿಸಿದವಳು ತಾನು ಒಮ್ಮೆಯೂ ಆಚೆ ದಡವನ್ನು ಮೆಟ್ಟಿರಲಿಲ್ಲ.

ಆಚೆ ದಡದಲ್ಲಿ ಅವಳ ಮಗಳ ಮನೆ. ಮದುವೆ ಈ ದಡದಲ್ಲೇ ಆಗಿ, ಮಗಳು ಅಮ್ಮ ಒತ್ತಿಹಿಡಿದ ಹಲಗೆಯ ಮೇಲೇ ನಡೆದು ದೋಣಿ ಹತ್ತಿದ್ದಳು. ಆಗಿನಿಂದ ಎಂಟು ವರ್ಷ. ಮೂರು ನಾಲ್ಕು ತಿಂಗಳಿಗೊಮ್ಮೆ ಅವಳೇ ಬಂದು ಹೋಗುತ್ತಿದ್ದಳು.

‘ಬಾಗಿಲು ನೀಲಿ ಬಣ್ಣದ್ದಮ್ಮ. ಮುಂದೆ ಮೂರು ಮೆಟ್ಟಿಲು. ಮೂರನೇದು ಅಲ್ಲಾಡತ್ತೆ.’

‘ಅಲ್ಲಾಡೋ ಮೆಟ್ಟಿಲು ಇಟ್ಕೊಂಡು ಅಳಿಯಂದಿರು ಏನ್ ಮಾಡ್ತಿದ್ದಾರೆ?’

‘ಅಭ್ಯಾಸ ಆಗೋಗಿದೆ ಅಂತಾರೆ. ನೀನೇ ಬಂದು ಹೇಳು.’

‘ಬರ್ತೀನಿ, ಬರ್ತೀನಿ’ ಎನ್ನುತ್ತಿದ್ದಳು ಹಲಗೆಯಕ್ಕ. ಮಗಳಿಗೆ ಒಮ್ಮೆ ವಾರಗಟ್ಟಲೆ ಜ್ವರ ಬಿಡದಿದ್ದಾಗ ಅವಳು ನಿಜವಾಗಿಯೂ ದೋಣಿಯತ್ತ ಒಂದು ಕಾಲನ್ನು ಮುಂದಿಟ್ಟಿದ್ದಳು. ಹಿಂದೆ ನಲವತ್ತು ಜನ ಸಾಲುಗಟ್ಟಿದ್ದರು. ಒಬ್ಬಾಕೆ ತುಂಬು ಬಸುರಿ. ಹಲಗೆಯಕ್ಕ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಆ ದಿನ ಅವಳ ತಮ್ಮ, ದೋಣಿ ನಡೆಸುವವನು, ಅಕ್ಕನ ಮುಖ ನೋಡಲಾರದೆ ಹುಟ್ಟನ್ನೇ ನೋಡುತ್ತಾ ಹೋದ.

ಕೆಲವು ಮಧ್ಯಾಹ್ನ ನೀರು ಏರದೆ ಇಳಿಯದೆ ತೂಕಡಿಸುವ ಒಂದು ಗಳಿಗೆಯುಂಟು. ದೋಣಿ ಆಚೆ ದಡದಲ್ಲಿರುತ್ತಿತ್ತು. ಹಲಗೆಯಕ್ಕ ಹಲಗೆಯ ಮೇಲೆಯೇ ಮಲಗಿ ಕಣ್ಣು ಮುಚ್ಚುತ್ತಿದ್ದಳು. ಬೆನ್ನಿನ ಕೆಳಗೆ ಮರ ಬೆಚ್ಚಗಿರುತ್ತಿತ್ತು. ಆ ಅರೆನಿದ್ದೆಯಲ್ಲಿ ನೀಲಿ ಬಾಗಿಲೊಂದು ನೀರಿನ ಮೇಲೆ ತೇಲುತ್ತಾ ಬಂದು, ಹಲಗೆಯ ತುದಿಗೆ ತಾಗಿ, ಒಳಗೆ ಬರುವವರಿಲ್ಲದೆ ಹಾಗೆಯೇ ಮರಳಿಹೋಗುತ್ತಿತ್ತು. ಈಚಿನ ವರ್ಷಗಳಲ್ಲಿ ಇನ್ನೊಂದು ಕನಸೂ ಸೇರಿಕೊಂಡಿತ್ತು. ಊರೊಳಗಿನಿಂದ ಬೂದು ಬಣ್ಣದ ಭಾರಿ ಮೃಗವೊಂದು ಸದ್ದಿಲ್ಲದೆ ನಡೆದುಬಂದು, ಅವಳ ಪಕ್ಕದಲ್ಲೇ ಮುಂಗಾಲು ಮಡಚಿ, ಅಳಿವೆಗೆ ಬಾಯಿಟ್ಟು ನೀರು ಕುಡಿಯುತ್ತಿತ್ತು. ಅದರ ಬೆನ್ನ ಮೇಲೆ ಜನ ಕೊಡೆ ಹಿಡಿದು, ಮಕ್ಕಳನ್ನೆತ್ತಿಕೊಂಡು, ತಲೆ ಎತ್ತಿಕೊಂಡೇ ನಡೆದು ದೋಣಿ ಹತ್ತುತ್ತಿದ್ದರು. ಅವಳಿಗೆ ಅದರ ಭಯವಿರಲಿಲ್ಲ. ಅದು ಧಕ್ಕೆಯೆಂದು ಕನಸಿನೊಳಗೇ ಗೊತ್ತಿರುತ್ತಿತ್ತು.

ಏಕೆಂದರೆ ದೋಣಿ ಬಂದು ತಾಗುವ ಕಲ್ಲಿನ ಧಕ್ಕೆಯೊಂದನ್ನು ಕಟ್ಟಬೇಕೆಂದು ಪುರಸಭೆ ಅವಳ ಅಪ್ಪನ ಕಾಲದಿಂದಲೂ ಹವಣಿಸುತ್ತಿತ್ತು. ಆದರೆ ನೀರೂ ನೀರಿನಡಿಯ ನೆಲವೂ ಸರ್ಕಾರದ್ದು. ಬಂದರು ಇಲಾಖೆಯ ಪರವಾನಗಿಯಿಲ್ಲದೆ ಪುರಸಭೆ ಅಲ್ಲಿ ಒಂದು ಕಲ್ಲನ್ನೂ ಇಡುವಂತಿರಲಿಲ್ಲ. ಮೊದಲ ಅರ್ಜಿ, ನಕ್ಷೆಯಲ್ಲಿ ಉತ್ತರ ದಿಕ್ಕು ತೋರಿಸಿಲ್ಲವೆಂದು ವಾಪಸಾಯಿತು. ಎರಡನೆಯದು, ಅಂದಿನ ಅಧ್ಯಕ್ಷರು ಹಸಿರು ಶಾಯಿಯಲ್ಲಿ ಸಹಿ ಮಾಡಿದರೆಂದು. ಮೂರನೆಯದಕ್ಕೆ ಮಾತ್ರ ಒಂದು ತೂಕದ ಪ್ರಶ್ನೆ ಬಂತು: ಆ ಜಾಗದಲ್ಲಿ ಜನರನ್ನು ಇಳಿಸುವ ಹಕ್ಕು ಈಗಾಗಲೇ ಒಬ್ಬರಿಗಿದೆಯಂತೆ, ಅದು ತೀರದ ಹೊರತು ಪರವಾನಗಿಯಿಲ್ಲ. ಅಧಿಕಾರಿ ಸ್ಥಳಕ್ಕೆ ಬಂದು ವಿಚಾರಣೆ ನಡೆಸುತ್ತಾರೆ. ಅಂದು ಇತ್ಯರ್ಥವಾಗದಿದ್ದರೆ ಅರ್ಜಿಯನ್ನು ಮುಚ್ಚಲಾಗುವುದು.

ಒಂದು ಮಧ್ಯಾಹ್ನ, ದೋಣಿ ಆಚೆ ದಡದಲ್ಲಿದ್ದಾಗ, ಪುರಸಭೆಯ ಕಚೇರಿಯಲ್ಲಿ ಮೊದಲ ಬಾರಿಗೆ ಹಲಗೆಯಕ್ಕನಿಗೆ ಕುರ್ಚಿ ಹಾಕಿದರು. ಒಂದು ಕಾಲು ಗಿಡ್ಡವಾದ ಕುರ್ಚಿ. ಅವಳು ಕೂತ ಕೂಡಲೇ ಅಭ್ಯಾಸಬಲದಿಂದ ಭಾರವನ್ನು ಒಂದು ಕಡೆಗೆ ಸರಿಸಿ ಅದನ್ನು ಅಲ್ಲಾಡದಂತೆ ಮಾಡಿಕೊಂಡಳು. ಅಧ್ಯಕ್ಷರು ದಪ್ಪನೆಯ, ನಗುಮುಖದ ಮನುಷ್ಯ. ಗುಮಾಸ್ತ ಸೊಳ್ಳೆಯಂತೆ ತೆಳ್ಳಗಿದ್ದ.

‘ನೋಡಮ್ಮ, ಹೊಟ್ಟೆಪಾಡಿನ ಚಿಂತೆ ಬೇಡ’ ಎಂದರು ಅಧ್ಯಕ್ಷರು. ‘ಧಕ್ಕೆ ಆದ್ಮೇಲೆ ಅದನ್ನ ನೋಡ್ಕೊಳ್ಳೋ ಕೆಲಸ ನಿಂದೇ. ಬರೆದು ಕೊಟ್ಟಿದ್ದೀವಿ. ನೀನು ಇಲ್ಲೊಂದು ಸಹಿ ಹಾಕಿದ್ರೆ ಆಯ್ತು.’

‘ಓದಿ ಹೇಳಿ.’

ಗುಮಾಸ್ತ ಓದಿದ. ಉದ್ದನೆಯ ವಾಕ್ಯಗಳು ಒಂದರ ಬಾಲ ಒಂದು ಕಚ್ಚಿಕೊಂಡು ಬಂದವು. ಕೊನೆಗೆ: ‘ಇನ್ನು ಮುಂದೆ ಸದರಿ ದಡಕ್ಕೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ, ಹಿಂದೆಯೂ ಇರಲಿಲ್ಲವೆಂದು ಭಾವಿಸತಕ್ಕದ್ದು.’

ಹಲಗೆಯಕ್ಕ ಲೇಖನಿಯನ್ನು ಕೆಳಗಿಟ್ಟಳು.

‘ಹಕ್ಕು ಬೇಕಾದ್ರೆ ತಗೊಳ್ಳಿ. ಇದೊಂದು ಮಾತು ತೆಗೀರಿ.’

‘ತೆಗೆಯೋಕಾಗಲ್ಲ ಅಕ್ಕ, ಇದು ಸರ್ಕಾರದ ನಮೂನೆ’ ಎಂದ ಗುಮಾಸ್ತ. ‘ಒಂದಕ್ಷರ ಆಚೀಚೆಯಾದ್ರೂ ಅರ್ಜಿ ವಾಪಸ್. ಹಸಿರು ಶಾಯಿ ಕಥೆ ಗೊತ್ತಲ್ಲ?’

‘ಬರೀ ಮಾತು ತಾನೇ, ಯಾರು ಓದ್ತಾರೆ?’ ಎಂದರು ಅಧ್ಯಕ್ಷರು.

‘ಯಾರೂ ಓದದಿದ್ರೆ ಬರೆಸ್ಕೊಳ್ಳೋದ್ಯಾಕೆ?’

ಅಧ್ಯಕ್ಷರ ನಗು ಹಾಗೆಯೇ ನಿಂತಿತು, ಆದರೆ ಕಣ್ಣುಗಳು ಅದರಿಂದ ಎದ್ದುಹೋದವು.

ಸಂಜೆ ತಮ್ಮ ದೋಣಿಯ ನೀರು ಮೊಗೆಯುತ್ತಾ ರೇಗಿದ: ‘ಧಕ್ಕೆಯಾದ್ರೆ ನಿನ್ನ ಕಾಲಿಗೆ ಬಿಡುಗಡೆ. ಮಗಳ ಮನೆ ನೋಡ್ಬೋದು. ನೀನೋ, ಒಂದು ಸಾಲು ಹಿಡ್ಕೊಂಡು ಜಗ್ತಿದ್ದೀಯ. ಹಾಕೇ ಅಕ್ಕ, ಹಾಕಿಬಿಡು!’

‘ಅಪ್ಪ ಇಲ್ಲಿ ಇರ್ಲಿಲ್ಲ ಅಂತ ನಾನೇ ಬರ್ಕೊಡ್ಲಾ? ನಾನೂ ಇರ್ಲಿಲ್ಲ ಅಂತ?’

ತಮ್ಮ ಮತ್ತೆ ಮೊಗೆದು ಚೆಲ್ಲಿದ. ಮೊಗೆದ ನೀರು ನೀರಿಗೆ ಬಿದ್ದು ಎಲ್ಲಿಯದೆಂದು ತಿಳಿಯದಂತಾಯಿತು. ಸಹಿ ಹಾಕದಿದ್ದರೆ ಧಕ್ಕೆಯಿಲ್ಲ; ಧಕ್ಕೆಯಿಲ್ಲದಿದ್ದರೆ ಆ ನೀಲಿ ಬಾಗಿಲು ಈ ಜನ್ಮಕ್ಕೆ ಬರಿಯ ಕನಸು. ಸಹಿ ಹಾಕಿದರೆ ಕೆಸರಿನಲ್ಲಿ ಮೂಡಿದ ಎರಡು ತಲೆಮಾರಿನ ಹೆಜ್ಜೆಗಳನ್ನು ತಾನೇ ಒರೆಸಿದಂತೆ. ಅಂದಿನಿಂದ ಮಧ್ಯಾಹ್ನದ ಕನಸಿನಲ್ಲಿ ಬೂದು ಮೃಗ ನೀರಿಗೆ ಬಾಯಿಡದೆ, ಅವಳ ಒಂದು ಮಾತಿಗೆ ಕಾಯುವಂತೆ ತಲೆ ತಿರುಗಿಸಿ ನಿಂತಿರತೊಡಗಿತು.

ವಿಚಾರಣೆಯ ದಿನ ಅಳಿವೆಯ ಮೇಲೆ ಹಾಲಿನಂಥ ಮಂಜು. ಆಚೆ ದಡವಿರಲಿಲ್ಲ, ದೋಣಿ ಎಲ್ಲಿಂದಲೋ ಬರುವ ಬದಲು ಮಂಜಿನಲ್ಲೇ ಹುಟ್ಟಿಕೊಂಡಂತೆ ಬಂತು. ಅಧಿಕಾರಿ ಕನ್ನಡಕ ಹಾಕಿದ, ಹಲಗೆಯಕ್ಕನ ಮಗಳ ವಯಸ್ಸಿನ ಹೆಂಗಸು. ಹಲಗೆಯ ಮೇಲೆ ಬರುವಾಗ ಎಲ್ಲರಂತೆ ಅವಳೂ ಪಾದಗಳನ್ನೇ ನೋಡಿಕೊಂಡು ಬಂದಳು. ಆದರೆ ದಡ ಮುಟ್ಟಿದ ಮೇಲೆ ನಿಂತು, ತಲೆ ಎತ್ತಿ, ಮುಖವನ್ನೂ ನೋಡಿದಳು.

‘ಅಮ್ಮಾ, ನಿಮ್ಮ ಕಾಗದ ಕೊಡ್ತೀರಾ?’

ತಗಡಿನ ಪೆಟ್ಟಿಗೆಯಿಂದ ಕಾಗದ ಅವಳ ಕೈಗೆ ಹೋಯಿತು. ಗುಮಾಸ್ತ ನಮೂನೆಯನ್ನು ಹಿಡಿದು ಸಿದ್ಧನಾಗಿ ನಿಂತಿದ್ದ. ಅಧಿಕಾರಿ ಅವನತ್ತ ನೋಡಲಿಲ್ಲ. ‘ಮೊದಲು ಈ ಹಕ್ಕು ಹೇಗೆ ನಡೀತಿದೆ ಅಂತ ನಾನು ಬರ್ಕೋಬೇಕು. ದಡದಿಂದ ದೋಣಿಗೆ ಒಬ್ಬರನ್ನ ಹತ್ತಿಸಿ ತೋರಿಸಿ.’

‘ಹೋಗಯ್ಯ’ ಎಂದರು ಅಧ್ಯಕ್ಷರು ಗುಮಾಸ್ತನಿಗೆ.

‘ನನಗೆ ತಲೆ ತಿರುಗತ್ತೆ ಸರ್. ಫೈಲು ಬೇರೆ ಇದೆ.’

ಹಲಗೆಯಕ್ಕ ತೂಕಡಿಸುತ್ತಿದ್ದ ನೀರನ್ನು ನೋಡಿದಳು. ಮಂಜಿನೊಳಗೆ ಎಲ್ಲೋ ಒಂದು ಬಾಗಿಲು ತಾಗಿದಂತಾಯಿತು. ಅಪ್ಪನ ರಾಗದಲ್ಲಿ ನಾಲ್ಕನೆಯ ಷರತ್ತು ಅವಳೊಳಗೆ ತಾನಾಗಿ ಸುಳಿಯಿತು. ನೂರಾರು ಸಲ ಕೇಳಿದ್ದ ಮಾತು. ಬೇಲಿಯೆಂದೇ ತಿಳಿದಿದ್ದ ಮಾತು. ಅದರಲ್ಲೊಂದು ಗೇಟೂ ಇತ್ತೆಂದು ಅವಳಿಗೆ ಆಗ ಕಂಡಿತು.

‘ಗುಮಾಸ್ತರೇ, ನೀವು ಬನ್ನಿ, ಇಲ್ಲಿ ನಿಲ್ಲಿ’ ಎಂದಳು. ‘ಎರಡೂ ಪಾದ ಊರಿ. ಫೈಲು ಕಂಕುಳಲ್ಲಿಟ್ಕೊಳ್ಳಿ. ನಿಮ್ಮೊಬ್ಬರ ಭಾರ ಸಾಲಲ್ಲ. ಅಧ್ಯಕ್ಷರೇ, ನೀವೂ ಬನ್ನಿ.’

‘ನಾನಾ?’

‘ಊರಿನ ಭಾರ ಹೊತ್ತೋರು ತಾನೇ? ಇದೆಷ್ಟು!’

ಅಧಿಕಾರಿ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದಳು. ಅಧ್ಯಕ್ಷರು ಹೊಳೆಯುವ ಬೂಟುಗಳೊಂದಿಗೆ ಹಲಗೆಯ ಕೊನೆಯೇರಿ, ಗುಮಾಸ್ತನ ಹೆಗಲು ಹಿಡಿದು ನಿಂತರು. ಹಲಗೆಯಕ್ಕ ಮೊದಲ ಹೆಜ್ಜೆಯಿಟ್ಟಳು.

ಮೂವತ್ತೊಂದು ವರ್ಷ ತುದಿಯಿಂದಷ್ಟೇ ತಿಳಿದಿದ್ದ ಮರ ನಡುವಿನಲ್ಲಿ ಬೇರೆಯೇ ಆಗಿತ್ತು, ಅದು ಉಸಿರಾಡುತ್ತಿತ್ತು. ಇದರ ಮೇಲೆ ಜನ ಹೇಗೆ ಬರುತ್ತಿದ್ದರೋ ಎಂದು ಅವಳಿಗೆ ಮೊದಲ ಬಾರಿ ಅನ್ನಿಸಿತು. ನಡುವೆ ನಿಂತು ಹಿಂತಿರುಗಿದಳು. ದಡದ ಕೊನೆಯಲ್ಲಿ ಎರಡು ಜೊತೆ ಬೂಟುಗಳು, ಹಲಗೆಯ ಸಮೇತ ಕೆಸರಿಗೆ ಅರ್ಧ ಇಳಿದು, ಅದನ್ನು ಒತ್ತಿ ಹಿಡಿದಿದ್ದವು. ಮುಖಗಳು ಮಂಜಿನಲ್ಲಿ ಅಸ್ಪಷ್ಟ.

‘ಏನಾದ್ರೂ ಹೇಳ್ರೋ’ ಎಂದಳು.

‘ಏನ್ ಹೇಳ್ಬೇಕು?’ ಎಂದು ಗುಮಾಸ್ತನ ದನಿ ಬಂತು.

‘ಇದ್ದೀವಿ ಅನ್ನಿ.’

‘ಇದ್ದೀವಿ, ಇದ್ದೀವಿ! ನಡಿಯಮ್ಮ ಬೇಗ, ಕಾಲು ಹೂತೋಗ್ತಿದೆ’ ಎಂದರು ಅಧ್ಯಕ್ಷರು.

ಅವಳು ದೋಣಿಗೆ ಇಳಿದಳು. ತಮ್ಮನ ಎದುರು ಕೂತು ಮೆಲ್ಲನೆ ‘ಹೊರಡು’ ಎಂದಳು. ಅವನು ಅಕ್ಕನ ಮುಖ ನೋಡಿ ಹುಟ್ಟನ್ನು ನೀರಿಗಿಳಿಸಿದ. ಹಲಗೆಯ ತುದಿ ದೋಣಿಯ ಮೂತಿಯಿಂದ ಕಳಚಿ ಮೆತ್ತಗೆ ನೀರಿಗೆ ಬಿತ್ತು.

‘ಇಳೀಬೇಡಿ! ಹಲಗೆ ತೇಲಿ ಹೋದೀತು!’ ಎಂದು ಅವಳು ಕೂಗಿದ್ದು ಮಂಜಿನೊಳಗಿಂದ ಕೇಳಿಸಿತು.

ಆಮೇಲೆ ದಡದಲ್ಲಿ ನಡೆದದ್ದನ್ನು ಗುಮಾಸ್ತ ಊರಿಗೆಲ್ಲ ಹೇಳಿ ಹೇಳಿ ನಯಗೊಳಿಸಿದ್ದಾನೆ. ‘ಸಹಿ ಹಾಕದೇ ಹೋದಳಲ್ಲ!’ ಎಂದು ಅಧ್ಯಕ್ಷರು ಹಲಗೆಯ ಮೇಲೆ ನಿಂತೇ ಚೀರಿದರಂತೆ. ಅಧಿಕಾರಿ ಹಳೆಯ ಕಾಗದದ ನಾಲ್ಕನೆಯ ಷರತ್ತನ್ನು ಎರಡು ಸಲ ಓದಿ, ಗಡಿಯಾರ ನೋಡಿ, ತನ್ನ ಪುಸ್ತಕದಲ್ಲಿ ಬರೆದುಕೊಂಡಳಂತೆ: ‘ಹಕ್ಕುದಾರರು ನನ್ನ ಸಮಕ್ಷಮ ಹಲಗೆಯನ್ನು ಪರರ ಕಾಲಿಗೊಪ್ಪಿಸಿ ದಡ ಬಿಟ್ಟಿರುತ್ತಾರೆ. ಹಕ್ಕು ತೀರಿದೆ. ಪರವಾನಗಿಗೆ ಅಡ್ಡಿಯಿಲ್ಲ.’ ನಮೂನೆಯನ್ನು ಏನು ಮಾಡಬೇಕೆಂದು ಗುಮಾಸ್ತ ಕೇಳಿದಾಗ, ‘ಅದರ ಅಗತ್ಯ ಬೀಳಲಿಲ್ಲವಲ್ಲ’ ಎಂದು ಅದನ್ನು ಮಡಚಿ ಅವನ ಜೇಬಿಗೇ ತುರುಕಿದಳಂತೆ. ಮುಂದೆ ಎರಡು ವರ್ಷಕ್ಕೆ ಧಕ್ಕೆ ಎದ್ದಿತು. ಹಲಗೆಯಕ್ಕ ಅದರ ಕೆಲಸಕ್ಕೆ ಸೇರಿದಳು. ಹದಿನಾರು ಅಡಿಯ ಹಲಗೆ ಅಲ್ಲಿ ಕಾಯುವವರ ಬೆಂಚಾಯಿತು.

ಅದೆಲ್ಲ ಆಮೇಲಿನ ಮಾತು. ಆ ದಿನ ದೋಣಿ ಮಂಜನ್ನು ದಾಟಿ ಕಲ್ಲಿನ ದಡಕ್ಕೆ ತಾಗಿದಾಗ, ಅವಳು ಒಂದು ಕಾಲೆತ್ತಿ ಹಾಗೆಯೇ ನಿಂತುಬಿಟ್ಟಳು.

‘ಅಕ್ಕ, ಇಲ್ಲಿ ಹಲಗೆ ಬೇಡ. ಸುಮ್ನೆ ಇಳಿ.’

ಇಳಿದಳು. ತಮ್ಮ ಕೈತೋರಿದ ದಾರಿಯಲ್ಲಿ, ಹಗ್ಗದಂಗಡಿಯ ಹಿಂದೆ ಹೋದರೆ ಮಂಜು ತೆಳುವಾಗಿ ಒಂದು ಬಾಗಿಲು ಕಂಡಿತು. ಕನಸಿನಲ್ಲಿದ್ದಷ್ಟು ನೀಲಿಯಿರಲಿಲ್ಲ, ಬಿಸಿಲಿಗೆ ಬಣ್ಣ ಹೋಗಿ ಹಳೆಯ ಆಕಾಶದಂತಾಗಿತ್ತು. ಮುಂದೆ ಮೂರು ಮೆಟ್ಟಿಲು. ಅವಳು ಒಂದು, ಎರಡು ಎಂದು ಏರಿ ಮೂರನೆಯದರ ಮೇಲೆ ಕಾಲಿಟ್ಟಳು. ಅದು ಕಟಕ್ಕನೆ ಅಲ್ಲಾಡಿತು. ಸದ್ದು ಕೇಳಿ ಬಾಗಿಲು ತೆರೆಯಿತು. ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡ ಮಗಳು ಮೊದಲು ಕೆಳಗೆ ನೋಡಿದಳು. ಆ ಪಾದಗಳನ್ನು ಕಂಡು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ಹಲಗೆಯಕ್ಕ ಅಲ್ಲಾಡುವ ಕಲ್ಲಿನ ಒಂದು ಅಂಚಿಗೆ ಸರಿದು, ಎರಡೂ ಕಾಲುಗಳನ್ನು ಊರಿ, ಅದನ್ನು ಅದುಮಿ ನಿಲ್ಲಿಸಿದಳು.

‘ಇಳಿದು ಬಾ’ ಎಂದಳು. ‘ನಾನಿದ್ದೀನಿ.’