ಬಚ್ಚಲ ನೀರಿಗೆ ದಾರಿ ಕೊಟ್ಟ ಕಟ್ಟೆ

ನಮ್ಮ ಮಾಸ್ತರರ ಎಡಗಿವಿಯ ಮೇಲೆ ಯಾವಾಗಲೂ ಒಂದು ಚಾಕ್‌ಪೀಸಿನ ತುಂಡು ಇರುತ್ತಿತ್ತು. ಬೇರೆಯವರು ಬೀಡಿ ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಅವರು ಚಾಕ್‌ಪೀಸ್ ಇಟ್ಟುಕೊಳ್ಳುತ್ತಿದ್ದರು. ಸಂತೆಗೆ ಹೋದರೂ ಅದು ಅಲ್ಲೇ. ಬೆವರಿಗೆ ಕರಗಿ ಕಿವಿಯ ಹಿಂದೆ ಒಂದು ಬಿಳಿ ಗೆರೆ ಇಳಿದಿರುತ್ತಿತ್ತು.

ಮಾನ್ವಿಯಲ್ಲಿ ಅವರ ಮನೆ, ನಮ್ಮ ಮನೆ ಒಂದೇ ಗೋಡೆಯ ಆಚೆ ಈಚೆ. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ನಮ್ಮಂಥವರಿಗೆ ಸಂಜೆ ಹೊತ್ತು ಓದು ಬರಹ ಕಲಿಸುತ್ತಿದ್ದರು. ನಮ್ಮಂಥವರು ಎಂದರೆ ಗೌಂಡಿ ಕೆಲಸದವರು, ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವರು, ಭತ್ತದ ನಾಟಿಗೆ ಹೋಗುವ ಹೆಣ್ಣುಮಕ್ಕಳು. ನಾನು ಗೌಂಡಿ. ಮೀಸೆ ಬಂದು ಎಷ್ಟೋ ವರ್ಷವಾದ ಮೇಲೆ ಅ ಆ ಬರೆದವನು. ಓದುವಾಗ ಒತ್ತಕ್ಷರ ಬಂದರೆ ಗಕ್ಕನೆ ನಿಂತುಬಿಡುತ್ತಿದ್ದೆ. ತಪ್ಪು ಓದಿದರೆ ಮಾಸ್ತರು ನಗುತ್ತಿದ್ದರು. ನಿಂತರೆ ಮಾತ್ರ ಅವರಿಗೆ ಸಿಟ್ಟು.

"ತಡಾ ಆಗ್ಲಿ, ನಿಲ್ಲಬ್ಯಾಡ," ಎನ್ನುತ್ತಿದ್ದರು.

ನಮ್ಮಲ್ಲಿ ಕೆಲವರು ಹತ್ತನೇ ತರಗತಿ ಪಾಸಾದೆವು. ಮಾಸ್ತರಿಗೆ ಏನು ಕೊಡುವುದು? ಶಾಲು ಹೊದಿಸಿದರೆ ಅದನ್ನು ಮಡಿಚಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಮಗೆ ಬರುವ ಕೆಲಸ ಕಟ್ಟುವುದು. ಅವರು ದೇವಸುಗೂರಿಗೆ ದರ್ಶನಕ್ಕೆ ಹೋದ ದಿನ ನಾವೆಲ್ಲ ಸೇರಿ ಅವರ ಮನೆಯ ಮುಂದೆ ಉದ್ದನೆಯ ಕಟ್ಟೆ ಕಟ್ಟಿ, ಮೇಲೆ ಕರಿ ಕಡಪ ಕಲ್ಲು ಹಾಸಿದೆವು. ಸಂಜೆ ಬಂದು ನೋಡಿದ ಮಾಸ್ತರು ನಮ್ಮನ್ನು ಹುಚ್ಚರು ಎಂದು ಬೈದರು. ಕಿವಿಯ ಮೇಲಿನ ಚಾಕ್‌ಪೀಸ್ ತೆಗೆದು, ಹಸಿ ಸಿಮೆಂಟು ಮುಟ್ಟದ ಹಾಗೆ ಬಗ್ಗಿ, ಆ ಕಲ್ಲಿನ ಮೇಲೆ ಅಂದಿನ ಪಾಠ ಬರೆದರು. ಅಂದಿನಿಂದ ಅದೇ ನಮ್ಮ ಪಾಟಿ. ಪಾಠ ಮುಗಿದ ಮೇಲೆ ಅವರೇ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು.

ಆ ಖುಷಿಯಲ್ಲಿ ಒಂದು ವಿಷಯ ಯಾರಿಗೂ ನೆನಪಾಗಲಿಲ್ಲ. ನಮ್ಮ ಬಚ್ಚಲದ ಪೈಪು ಮತ್ತು ಮಾಸ್ತರರ ಬಚ್ಚಲದ ಪೈಪು ಬಂದು ಸೇರುವ ಚೇಂಬರ್ ಸರಿಯಾಗಿ ಆ ಜಾಗದಲ್ಲೇ ಇತ್ತು. ಅಲ್ಲಿಂದ ನೀರು ಬೀದಿಯ ಚರಂಡಿಗೆ ಹೋಗಬೇಕು. ಅದರ ಮೇಲೆಯೇ ನಾವು ಕಟ್ಟೆ ಕಟ್ಟಿ, ಸಿಮೆಂಟು ಬಳಿದು ಗಿಲಾಯಿ ಮಾಡಿದ್ದೆವು.

ಕೆಲವು ವರ್ಷ ನೀರು ಹೇಗೋ ಹೋಯಿತು. ಆಮೇಲೆ ಮಗಳು ಹುಟ್ಟಿದಳು. ಹೆಂಡತಿಯ ತವರು ದೇವದುರ್ಗ. ಅವಳಿಗೆ ತಾಯಿ ಇಲ್ಲ, ಅದಕ್ಕೆ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ರಾಯಚೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಹೆರಿಗೆಯಾಗಿತ್ತು. ಹೊಲಿಗೆ ಬಿಚ್ಚಿದ ಮೇಲೆ ನಮ್ಮವ್ವ ಎರೆಯಲು ಶುರುಮಾಡಿದಳು. ಅವ್ವ ಜಾಲಹಳ್ಳಿಯವಳು, ಎರೆಯುವುದೆಂದರೆ ಅವಳಿಗೆ ಹಬ್ಬ. ತಾಯಿಗೂ ಕೂಸಿಗೂ ಮೈತುಂಬ ಎಣ್ಣೆ, ಮೇಲೆ ಕಡಲೆಹಿಟ್ಟು, ತಲೆಗೆ ಸೀಗೆಪುಡಿ, ಹಂಡೆಗಟ್ಟಲೆ ಬಿಸಿನೀರು. ಎಲ್ಲವೂ ಬಚ್ಚಲಕ್ಕೇ.

ಒಂದು ದಿನ ನೀರು ಹೋಗಲಿಲ್ಲ. ಮರುದಿನ ಮೋರಿಯಿಂದ ಕಪ್ಪು ನೀರು ಮೇಲೆ ಬಂದು ಕಾಲು ಮುಳುಗಿತು. ನಾನು ಬಕೆಟ್ಟಿನಿಂದ ಎತ್ತಿ ಹೊರಗೆ ಚೆಲ್ಲಿದಷ್ಟೂ ಮತ್ತೆ ಬಂತು. ಪೈಪಿನ ಕೆಲಸದವನು ಉದ್ದನೆಯ ಕಬ್ಬಿಣದ ಸ್ಪ್ರಿಂಗ್ ತಂದು ಒಳಗೆ ಬಿಟ್ಟ. ಅದು ಒಂದು ಕಡೆ ಹೋಗಿ ತಡೆಯಿತು. ಕಟ್ಟೆ ಒಡೆದು ಚೇಂಬರ್ ತೆಗೆಯದೆ ಆಗುವುದಿಲ್ಲ ಎಂದ. ಜೋರಾಗಿ ಮಾತಾಡಬೇಡ ಎಂದು ಅವನ ಬಾಯಿ ಮುಚ್ಚಿಸಿ ಕಳಿಸಿದೆ. ಮಾಸ್ತರರ ಪೈಪು ಮೇಲ್ಗಡೆಯಿಂದ ಸೇರುತ್ತಿತ್ತು, ಅವರಿಗೆ ಇನ್ನೂ ತೊಂದರೆ ಇರಲಿಲ್ಲ. ನಮ್ಮ ಬಚ್ಚಲಕ್ಕಾಗಿ ಅವರ ಕಟ್ಟೆ ಒಡೆಯಿರಿ ಎಂದು ಯಾವ ಬಾಯಿಂದ ಕೇಳಲಿ?

ಅವ್ವ ದೇವದುರ್ಗಕ್ಕೆ ಫೋನ್ ಮಾಡಿಸಿದಳು. ನಾಳೆ ಹೆಂಡತಿಯ ಅಣ್ಣ ಬಂದು ತಾಯಿ ಕೂಸನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುವುದು ಎಂದಾಯಿತು. ಹೆಂಡತಿ ಕೂಸಿಗೆ ಹಾಲು ಕುಡಿಸುತ್ತ ಎಲ್ಲ ಕೇಳಿಸಿಕೊಂಡಳು.

"ನನ್ನ ಹೊಟ್ಟಿ ಇನ್ನಾ ಹಸಿ ಅದ. ಆ ಬಸ್ಸಿನ್ಯಾಗ ನಾ ಹ್ಯಾಂಗ ಕೂಡ್ಲಿ?" ಎಂದಳು. ಕೂಸನ್ನು ಹೆಗಲಿಗೆ ಹಾಕಿಕೊಂಡು, "ಕಟ್ಟಿ ದೊಡ್ಡದೋ, ನಾ ದೊಡ್ಡಾಕಿನೋ?" ಎಂದಳು.

ನಾನು ಎದ್ದು ಹೊರಗೆ ಬಂದೆ. ಬಿಸಿಲು ಇಳಿಯುತ್ತಿತ್ತು. ಮಾಸ್ತರು ಕಟ್ಟೆಯ ಮೇಲೆ ಪಾಠ ಬರೆಯುತ್ತಿದ್ದರು. ಹೋಗಿ ನಿಂತು, "ಸರ್, ನಮ್ಮ ಬಚ್ಚಲ..." ಎಂದು ಅಲ್ಲಿಗೇ ನಿಲ್ಲಿಸಿದೆ. ಒದ್ದೆಯಾದ ನನ್ನ ಪ್ಯಾಂಟನ್ನು ನೋಡಿದರು.

"ಏನಲೇ, ಬಾಯಾಗ ಒತ್ತಕ್ಷರ ಸಿಕ್ಕೊಂಡದೇನು?"

ಹೇಳಿದೆ. ಅವರು ಬರೆಯುವುದನ್ನು ಬಿಟ್ಟು, ಚಾಕ್‌ಪೀಸನ್ನು ಕಿವಿಯ ಮೇಲೆ ಸಿಕ್ಕಿಸಿ, ಕಲ್ಲಿನ ಮೇಲೆ ಅಂಗೈ ಇಟ್ಟರು. ಎಮ್ಮೆಯ ಬೆನ್ನು ಸವರಿದ ಹಾಗೆ ಒಮ್ಮೆ ಸವರಿದರು.

"ಹಾರಿ ತಗೊಂಡ್ ಬಾ."

"ಸರ್, ಎಲ್ಲಾರೂ ಕೂಡಿ ನಿಮಗಂತ..."

"ಇದರ ಮ್ಯಾಲ ಬರದದ್ದು ನಾನಽ ದಿನಾ ಒರಸ್ತೀನಿ. ಕಲ್ಲ ಒಡದ್ರ ಏನಾತು? ಬಾಣಂತಿ ಹೊಲಸಿನ್ಯಾಗ ನಿಲ್ಲಬೇಕೇನು?"

ಹಾರೆ ತಂದೆ. ಎತ್ತಿದ ಕೈ ಕೆಳಗೆ ಇಳಿಯಲಿಲ್ಲ. ಮಾಸ್ತರು ನನ್ನ ಕೈಯಿಂದ ಅದನ್ನು ಕಸಿದುಕೊಂಡು ತಾವೇ ಮೂಲೆಗೆ ಮೊದಲ ಏಟು ಹಾಕಿದರು. ಆ ಏಟಿಗೆ ಕಿವಿಯ ಮೇಲಿನ ಚಾಕ್‌ಪೀಸ್ ಉದುರಿ ಬಿತ್ತು. ಉಳಿದದ್ದನ್ನು ನಾನು ಒಡೆದೆ. ಪಾಠಕ್ಕೆ ಬಂದವರು ಕಲ್ಲು ಸರಿಸಿದರು. ಅಷ್ಟರಲ್ಲಿ ಫೋನ್ ಮಾಡಿ ಕರೆದಿದ್ದ ಪೈಪಿನವನೂ ಬಂದ. ಈ ಬಾರಿ ಚೇಂಬರಿನ ಕಡೆಯಿಂದ ಸ್ಪ್ರಿಂಗ್ ಬಿಟ್ಟು ತಿರುವಿದ. ಎಣ್ಣೆ, ಹಿಟ್ಟು, ಕೂದಲು ಕೂಡಿ ಗಟ್ಟಿಯಾದ ದೊಡ್ಡ ಉಂಡೆ ಹೊರಗೆ ಬಂತು. ಅದರ ಹಿಂದೆಯೇ ನಮ್ಮ ಬಚ್ಚಲದ ನೀರೆಲ್ಲ ಗಳಗಳ ಎಂದು ಬಂದು ಚರಂಡಿಗೆ ಓಡಿತು.

ಮಾಸ್ತರು ಉಂಡೆಯನ್ನು ನೋಡಿ ಅವ್ವನನ್ನು ಕರೆದರು. "ನೋಡಬೇ ಯವ್ವಾ, ನಿನ್ನ ಹೋಳಿಗಿ ಹೂರಣ ಇಲ್ಲೇ ಅದ."

"ನನ್ನ ಹೂರಣ ಹಾದಿ ಹಿಡದು ಹೊಂಟಿತ್ತು ಮಾಸ್ತರ್ರೀ," ಎಂದಳು ಅವ್ವ. "ನಿಮ್ಮ ಶ್ಯಾಣ್ಯಾ ಹುಡುಗರು ಅಡ್ಡ ಗ್ವಾಡಿ ಕಟ್ಯಾರ."

ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಸ್ತರು. ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ಹೆಂಡತಿ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ನಕ್ಕಳು. ನನ್ನ ಎದೆಯ ಮೇಲಿನ ಕಲ್ಲೂ ಇಳಿಯಿತು. ದೇವದುರ್ಗಕ್ಕೆ ಮತ್ತೆ ಫೋನ್ ಹೋಯಿತು, ಬರುವುದು ಬೇಡ ಎಂದು. ಮರುದಿನ ಬೆಳಿಗ್ಗೆ ಬಚ್ಚಲ ತಿಕ್ಕಿ ತೊಳೆದು ಅವ್ವ ಹಂಡೆಗೆ ನೀರು ತುಂಬಿದಳು. ಕೂದಲು ತಡೆಯಲು ಮೋರಿಯ ಬಾಯಿಗೆ ಜಾಲರಿ ಬಂತು.

ಕಟ್ಟೆಯನ್ನು ಮತ್ತೆ ಕಟ್ಟಿದೆವು. ಚೇಂಬರಿನ ಮೇಲೆ ಮಾತ್ರ ಗಿಲಾಯಿ ಮಾಡದೆ, ಒಡೆದ ಕಲ್ಲಿನ ದೊಡ್ಡ ತುಂಡಿಗೆ ಕಬ್ಬಿಣದ ಬಳೆ ಹಾಕಿ ಮುಚ್ಚಳ ಮಾಡಿದೆವು. ಆಗಾಗ ಎತ್ತಿ ನೋಡುತ್ತಿರು ಎಂದು ಮಾಸ್ತರು ನನಗೆ ಹೇಳಿದರು. ಅವರು ಬರೆದ ಅಕ್ಷರಗಳು ಮುಚ್ಚಳದ ಅಂಚಿನ ಸೀಳಿನ ಮೇಲೆ ಹಾದುಹೋಗುತ್ತಿದ್ದವು. ಪಾಠ ನಡೆದೇ ಇತ್ತು.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಚಹಾ ಕುಡಿದು ಗೋಡೆಗೆ ಒರಗಿ ಕೂತ ಮಾಸ್ತರು ಮತ್ತೆ ಏಳಲಿಲ್ಲ. ನಮ್ಮಲ್ಲಿ ಮಣ್ಣಿಗೆ ಹೋಗಿ ಬಂದವರೆಲ್ಲ ಸ್ನಾನ ಮಾಡಬೇಕು. ಓಣಿಗೆ ಓಣಿಯೇ ಬಂದಿತ್ತು. ಅವರನ್ನು ಎತ್ತುವ ಮೊದಲೇ ನಾನು ಮುಚ್ಚಳ ತೆಗೆದು, ಒಳಗಿದ್ದ ಎಲೆ, ರಾಡಿ ಎಲ್ಲ ಬಳಿದಿದ್ದೆ. ತಿರುಗಿ ಬಂದ ಮೇಲೆ ಅವರ ಬಚ್ಚಲದಲ್ಲೂ ನಮ್ಮ ಬಚ್ಚಲದಲ್ಲೂ ಜನ ಸರದಿಯಲ್ಲಿ ಮೈಮೇಲೆ ನೀರು ಸುರಿದುಕೊಂಡರು. ನಾನು ಚೇಂಬರಿನ ಹತ್ತಿರ ನಿಂತೆ. ಎರಡೂ ಪೈಪಿನಿಂದ ನೀರು ನೊರೆ ಸಮೇತ ಬಂದು ಬಂದು ಬೀದಿಯ ಕಡೆಗೆ ಹೋಯಿತು.

ಅವ್ವ ಒಳಗಿನಿಂದ ಕೂಗಿ ಕೇಳಿದಳು. "ಹೋಗಾಕತ್ತದೇನೋ?"

"ಹೋಗಾಕತ್ತದ ಯವ್ವಾ."

ಕೊನೆಯವರ ಸ್ನಾನ ಮುಗಿದ ಮೇಲೆ ಮುಚ್ಚಳವನ್ನು ಎತ್ತಿ ಅದರ ಜಾಗದಲ್ಲಿ ಕೂಡಿಸಿದೆ. ಅದರ ಮೇಲೆ ಹಿಂದಿನ ಸಂಜೆಯ ಪಾಠ ಹಾಗೆಯೇ ಇತ್ತು. ಅಂದು ಮಾಸ್ತರು ಸುಸ್ತಾಗಿದೆ, ನಾಳೆ ಒರೆಸುತ್ತೇನೆ ಎಂದು ಒಳಗೆ ಹೋಗಿದ್ದರು. ಒಂದು ಸಾಲನ್ನು ಬೆರಳಿಟ್ಟು ನಿಲ್ಲದೆ ಓದಿದೆ. ಆಮೇಲೆ ಹೆಗಲ ಮೇಲಿನ ಒದ್ದೆ ಟವೆಲ್ ಹಿಂಡಿ, ಅವರು ಒರೆಸುತ್ತಿದ್ದ ಹಾಗೆಯೇ, ಕಲ್ಲನ್ನು ಒರೆಸಿದೆ.